ಹಕ್ಕಿ, ಕೆರೆ, ಹುಲ್ಲುಗಾವಲಿಗಾಗಿ ಹಣ: ಯಾರಿಗೆ ಯಾವ ದಾರಿ ಹೊಂದೀತು?

ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳೂ ರಾಜಹಂಸಗಳೂ ಬಂದಿಳಿದ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡ ಬೆನ್ನಿಗೇ, ಇಂಥ ಜಾಗಗಳ ಸಂರಕ್ಷಣೆಗೆ ನಾವೂ ಒಂದಿಷ್ಟು ಹಣ ಕೊಡಬೇಕೆಂದಿದ್ದೇವೆ, ಎಲ್ಲಿ ಕೊಟ್ಟರೆ ಸಾರ್ಥಕವಾದೀತು ಎಂದು ಕೇಳುವವರು ಹೆಚ್ಚುತ್ತಾರೆ. ಹೀಗೆ ಕೇಳುವವರಲ್ಲಿ ಪಿಂಚಣಿ ಹಣದಲ್ಲಿ ಎರಡು ಲಕ್ಷ ತೆಗೆದಿರಿಸಿದ ನಿವೃತ್ತ ಶಿಕ್ಷಕರಿದ್ದಾರೆ, ಊರ ಕೆರೆಯ ಚಿಂತೆ ಹತ್ತಿಸಿಕೊಂಡ ಯುವಕ ಸಂಘದವರಿದ್ದಾರೆ, ಮಾರ್ಚ್ ಮುಗಿಯುವುದರೊಳಗೆ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ವಿನಿಯೋಗಿಸಲೇಬೇಕಾದ ಕಾರ್ಖಾನೆಯ ಅಧಿಕಾರಿಗಳೂ ಇದ್ದಾರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ತಪ್ಪು ಉತ್ತರ ಕೊಟ್ಟಂತೆಯೇ ಸರಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಕಾಪಾಡಬೇಕಾದ ಜಾಗಗಳೂ ಒಂದೇ ಬಗೆಯವಲ್ಲ. ಖಾನಾಪುರ ತಾಲೂಕಿನ ಭೀಮಗಡ ದಟ್ಟ ಮಲೆನಾಡಿನ ಕಾಡು; 2011ರಲ್ಲಿ ವನ್ಯಜೀವಿಧಾಮವಾದದ್ದು. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿಯ ಚಿಂಕಾರಧಾಮ (ಚಿಂಕಾರವೆಂದರೆ ಬಯಲಿನ ಸಣ್ಣ ಹುಲ್ಲೆ) ಸುಮಾರು 96 ಚದರ ಕಿಲೋಮೀಟರಿನ ಕುರುಚಲು ಬಯಲು. ಗೋಕಾಕ ತಾಲೂಕಿನ ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರು ಘಟಪ್ರಭಾ ಪಕ್ಷಿಧಾಮ. ವಿಜಯಪುರದ ಕಡೆಗೆ ಬಂದರೆ ಆದಿಲ್‌ಶಾಹಿ ಕಾಲದ ಬೇಗಂ ತಾಲಾಬಿನಿಂದ ಹಿಡಿದು ನಿನ್ನೆ ಮೊನ್ನೆ ಕಾಲುವೆಯ ನೀರು ಕಂಡ ಹಳ್ಳಿಯ ಕೆರೆಗಳವರೆಗೆ ಹತ್ತಾರು ಬಗೆ. ಆಲಮಟ್ಟಿಯ ಹಿನ್ನೀರು ಇವುಗಳಲ್ಲೆಲ್ಲ ದೊಡ್ಡದು, ಕಾನೂನಿನ ರಕ್ಷಣೆ ಮಾತ್ರ ಅದಕ್ಕೆ ತೀರ ತೆಳು. ಹೀಗಿರುವಾಗ ಹಣದ ದಾರಿಗಳನ್ನು ತೂಗುವ ಮೊದಲು ತೂಕದ ಕಲ್ಲುಗಳನ್ನು ಆರಿಸಿಕೊಳ್ಳಬೇಕು.

ಯಾವುದನ್ನು ನೋಡಿ ತೂಗಬೇಕು?

ಮೊದಲ ಅಳತೆ, ಕೊಟ್ಟ ಹಣದಿಂದ ದೊರೆಯುವುದು ಒಮ್ಮೆ ಮಾಡಿ ಮುಗಿಸುವ ಕಾಮಗಾರಿಯೋ, ವರ್ಷ ವರ್ಷ ನಡೆಯಬೇಕಾದ ಕೆಲಸವೋ ಎಂಬುದು. ಹೂಳೆತ್ತುವುದು, ಬೇಲಿ, ವೀಕ್ಷಣಾ ಗೋಪುರ, ನಾಮಫಲಕ ಇವು ಮೊದಲ ಬಗೆಯವು. ಇವಕ್ಕೆ ಹಣ ಹುಟ್ಟುತ್ತದೆ, ಉದ್ಘಾಟನೆಯೂ ಆಗುತ್ತದೆ. ಕಾವಲುಗಾರನ ಕೂಲಿ, ಹಕ್ಕಿಗಣತಿ, ಬಳ್ಳಾರಿ ಜಾಲಿಯನ್ನು ಮತ್ತೆ ಮತ್ತೆ ಕೀಳುವುದು, ನೀರಿನ ಪರೀಕ್ಷೆ ಇವು ಎರಡನೆಯ ಬಗೆಯವು. ಇವಕ್ಕೆ ಹಣ ಹುಟ್ಟುವುದೇ ಕಷ್ಟ. ಈ ಬರಹದಲ್ಲಿ ನಾನು ಮುಂದೆ ಹೇಳುವ ಹೆಚ್ಚಿನ ಮಾತುಗಳು ಈ ಒಂದು ವ್ಯತ್ಯಾಸವನ್ನೇ ಆಧರಿಸಿವೆ.

ಎರಡನೆಯದು ಜಾಗದ ಒಡೆತನ. ಒಂದೇ ಕೆರೆಯಲ್ಲಿ ನೀರು ಸಣ್ಣ ನೀರಾವರಿ ಇಲಾಖೆಯದೋ ಪಂಚಾಯಿತಿಯದೋ ಆಗಿದ್ದು, ಮೀನಿನ ಹಕ್ಕನ್ನು ಬೇರೊಬ್ಬರು ಟೆಂಡರಿನಲ್ಲಿ ಹಿಡಿದಿರಬಹುದು. ನೀರು ಇಳಿದಾಗ ತೆರೆದುಕೊಳ್ಳುವ ನೆಲದಲ್ಲಿ ಮತ್ತೊಬ್ಬರು ಕಡಲೆ ಬಿತ್ತಿರಬಹುದು. ಆಲಮಟ್ಟಿಯ ನೀರಿನ ಮಟ್ಟ ಕೃಷ್ಣಾ ಭಾಗ್ಯ ಜಲ ನಿಗಮದ ಕೈಯಲ್ಲಿದೆ. ಅನುಮತಿ ಕೊಡಬೇಕಾದವರು ಯಾರೆಂದು ತಿಳಿಯದೆ ಕೊಟ್ಟ ಹಣ ಬ್ಯಾಂಕಿನಲ್ಲೇ ಕೊಳೆಯುತ್ತದೆ. ಮೂರನೆಯದು, ಆ ಕೆರೆಯನ್ನು ನಂಬಿದ ಮೀನುಗಾರ, ಕುರಿಗಾಹಿ ಮತ್ತು ರೈತನಿಗೆ ಈ ಕೆಲಸದಿಂದ ಲಾಭವೋ ನಷ್ಟವೋ ಎಂಬುದು. ನಾಲ್ಕನೆಯದು ಲೆಕ್ಕ ಕೈಗೆ ಸಿಗುತ್ತದೆಯೇ ಎಂಬುದು. ತೆರಿಗೆಯ ವಿನಾಯಿತಿಯನ್ನು ನಾನು ಕೊನೆಯಲ್ಲಿ ಇಡುತ್ತೇನೆ, ಬಹಳ ಜನ ಅದನ್ನೇ ಮೊದಲು ಕೇಳಿದರೂ.

ಹಕ್ಕಿಗೆ ಬೇಕಾದದ್ದು ತುಂಬಿದ ಕೆರೆಯೇ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಹಣ ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. ಫೆಬ್ರುವರಿಯ ಹೊತ್ತಿಗೆ ಕೋಡಿಯ ಆಚೆ ದಂಡೆಯಲ್ಲಿ ನೀರು ಹಿಂದೆ ಸರಿದು, ಪಾದ ಮುಳುಗುವಷ್ಟು ತೆಳುವಾದ ನೀರೂ ಅದರ ಅಂಚಿಗೆ ಹಸಿ ರಾಡಿಯೂ ಉಳಿದಿರುತ್ತದೆ. ಗೊರವ, ಉಲ್ಲಂಕಿಗಳ ಕೊಕ್ಕಿನ ಗುರುತುಗಳು ಆ ರಾಡಿಯ ತುಂಬ ಹೊಲಿಗೆ ಹಾಕಿದಂತೆ ಕಾಣುತ್ತವೆ. ಅವುಗಳಿಗೆ ಊಟ ಸಿಗುವುದು ಈ ಅಂಚಿನಲ್ಲಿ ಮಾತ್ರ. ಬಣ್ಣದ ಕೊಕ್ಕರೆಗೆ ಮೊಣಕಾಲು ಮುಳುಗುವ ನೀರು ಬೇಕು, ಪಟ್ಟೆತಲೆ ಹೆಬ್ಬಾತಿಗೆ ರಾತ್ರಿ ತಂಗಲು ತೆರೆದ ನೀರೂ ಮೇಯಲು ಅಕ್ಕಪಕ್ಕದ ಹೊಲವೂ ಬೇಕು. ಹೊಳೆ ರೀವವಂತೂ ಬೇಸಿಗೆಯಲ್ಲಿ ನೀರು ಇಳಿದು ಎದ್ದು ಕಾಣುವ ನಡುಗಡ್ಡೆಯ ಬರಿ ನೆಲದ ಮೇಲೆ, ಗೂಡೆಂಬ ಗೂಡೂ ಇಲ್ಲದೆ, ಮೊಟ್ಟೆ ಇಡುವ ಹಕ್ಕಿ. ನೀರು ಇನ್ನಷ್ಟು ಇಳಿದು ನಡುಗಡ್ಡೆ ದಂಡೆಗೆ ಕೂಡಿಕೊಂಡಿತೆಂದರೆ ನಾಯಿಗಳೂ ದನಗಳೂ ನಡೆದೇ ಅಲ್ಲಿಗೆ ತಲುಪುತ್ತವೆ.

ಆದ್ದರಿಂದ ಇಡೀ ಕೆರೆಯ ಅಂಗಳವನ್ನು ಒಂದೇ ಆಳಕ್ಕೆ ಬಾಚಿ, ಸುತ್ತ ಕಲ್ಲು ಪಿಚ್ಚಿಂಗ್ ಮಾಡಿ, ಮೇಲೆ ನಡೆದಾಡುವ ಹಾದಿ ಕಟ್ಟಿದರೆ ಊರಿಗೆ ಸಂಜೆಯ ತಿರುಗಾಟಕ್ಕೊಂದು ಜಾಗ ದೊರೆಯುತ್ತದೆ, ಹಕ್ಕಿಗೆ ಇದ್ದ ಜಾಗವೂ ಹೋಗುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಏತ ನೀರಾವರಿಯಿಂದ ಕೆರೆ ತುಂಬಿಸುವ ಯೋಜನೆಗಳು ಬಂದ ಮೇಲೆ ಅಂತರ್ಜಲಕ್ಕೂ ಕುಡಿಯುವ ನೀರಿಗೂ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ವರ್ಷವಿಡೀ ಕಂಠಮಟ್ಟ ತುಂಬಿದ ಕೆರೆಯಲ್ಲಿ ರಾಡಿಯ ಅಂಚೇ ಇರುವುದಿಲ್ಲ. ಯಾವ ದಾರಿಯಲ್ಲಿ ಹಣ ಕೊಟ್ಟರೂ, ಒಂದು ಬದಿಯ ದಂಡೆಯನ್ನಾದರೂ ಇಳಿಜಾರಾಗಿ, ಕಲ್ಲು ಹಾಸದೆ ಬಿಡಬೇಕೆಂಬ ಷರತ್ತನ್ನು ಬರವಣಿಗೆಯಲ್ಲಿ ಹಾಕಿಸಿರಿ.

ಬಯಲಿನ ವಿಷಯವೂ ಹೀಗೆಯೇ. ಚಿಂಕಾರಕ್ಕೆ, ತೋಳಕ್ಕೆ, ಕತ್ತೆಕಿರುಬಕ್ಕೆ ಬೇಕಾದದ್ದು ತೆರೆದ ಕುರುಚಲು ನೆಲ. ಅಲ್ಲಿ ಸಾಲುಸಾಲಾಗಿ ಸಸಿ ನೆಡುವ ಅಭಿಯಾನಕ್ಕೆ ಹಣ ಕೊಡುವುದೆಂದರೆ ಅವುಗಳ ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡಲು ನೆರವಾದಂತೆ. ಸಸಿ ನೆಡುವ ಉತ್ಸಾಹವಿದ್ದರೆ ರಸ್ತೆಯ ಬದಿ, ಶಾಲೆಯ ಆವರಣ, ಹೊಲದ ಬದುಗಳು ಬೇಕಾದಷ್ಟಿವೆ.

ಸರ್ಕಾರದ ಯೋಜನೆಗಳು

ಮೊತ್ತದಲ್ಲಿ ಇವಕ್ಕೆ ಸಾಟಿಯಿಲ್ಲ. ಸರೋವರಗಳಿಗೂ ಜೌಗುಭೂಮಿಗಳಿಗೂ ಬೇರೆಬೇರೆಯಾಗಿದ್ದ ಎರಡು ಕೇಂದ್ರ ಯೋಜನೆಗಳನ್ನು 2013ರಲ್ಲಿ ಒಂದುಗೂಡಿಸಿ ಜಲ ಪರಿಸರ ವ್ಯವಸ್ಥೆಗಳ ಸಂರಕ್ಷಣೆಯ ರಾಷ್ಟ್ರೀಯ ಯೋಜನೆಯನ್ನು ರೂಪಿಸಲಾಯಿತು. ಇದರಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಪ್ರಸ್ತಾವ ಹೋಗಬೇಕಾದದ್ದು ರಾಜ್ಯ ಸರ್ಕಾರದಿಂದ. ವ್ಯಕ್ತಿಯಾಗಲಿ ಸಂಘವಾಗಲಿ ನೇರವಾಗಿ ಅರ್ಜಿ ಹಾಕಲಾಗದು. ಅರಣ್ಯ ಭೂಮಿಯನ್ನು ಬೇರೆ ಬಳಕೆಗೆ ಕೊಟ್ಟಾಗ ಸಂಗ್ರಹವಾಗುವ ಪರಿಹಾರ ಅರಣ್ಯೀಕರಣ ನಿಧಿ ಇನ್ನೊಂದು. 2016ರ ಕಾಯ್ದೆಯಂತೆ ಅದರ ಶೇ. 90 ಭಾಗ ರಾಜ್ಯಕ್ಕೆ ಬರುತ್ತದೆ, ಖರ್ಚಾಗುವುದು ಅರಣ್ಯ ಇಲಾಖೆಯ ಮೂಲಕ. ಭೀಮಗಡದಂಥ ಕಾಡಿಗೆ ಬೇಕಾದದ್ದು ಈ ಬಗೆಯ ಹಣವೇ. ಹುಲಿ ಮೀಸಲು ಪ್ರದೇಶಗಳಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ತಲಾ 15 ಲಕ್ಷ ರೂಪಾಯಿ ಎಂಬ ರಾಷ್ಟ್ರೀಯ ಪ್ರಮಾಣವನ್ನು ನೋಡಿದರೆ, ಕಾಡಿನೊಳಗಿನ ಊರುಗಳ ಪುನರ್ವಸತಿ ದಾನಿಗಳ ಕೈಗೆ ಎಟುಕುವ ಬಾಬತ್ತಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಕೆರೆಗಳ ವಿಷಯದಲ್ಲಿ ಒಂದು ತೊಡಕನ್ನು ಮೊದಲೇ ತಿಳಿದಿರಬೇಕು. 2017ರ ಜೌಗುಭೂಮಿ ನಿಯಮಗಳು ತಮ್ಮ ವ್ಯಾಖ್ಯೆಯಿಂದ ನದಿಪಾತ್ರಗಳನ್ನೂ, ಭತ್ತದ ಗದ್ದೆಗಳನ್ನೂ, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಮನುಷ್ಯರು ಕಟ್ಟಿದ ರಚನೆಗಳನ್ನೂ ಹೊರಗಿಟ್ಟಿವೆ. ನಮ್ಮ ಭಾಗದ ಕೆರೆಗಳು ಬಹುಪಾಲು ಇವೇ ಉದ್ದೇಶಗಳಿಗೆ ಕಟ್ಟಿದವು. ಧೂಪದಾಳ, ಆಲಮಟ್ಟಿ ಎರಡೂ ನೀರಾವರಿಯ ಕಟ್ಟೆಗಳೇ. ಹಾಗೆಂದು ದಾರಿಯೇ ಮುಚ್ಚಿಲ್ಲ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಮನುಷ್ಯರು ಕಟ್ಟಿದ್ದೇ ಆದರೂ, ಹೆಬ್ಬಾತುಗಳ ದೆಸೆಯಿಂದ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸರ್ಕಾರಿ ಜಾಗಕ್ಕೆ ‘ಸಂರಕ್ಷಣಾ ಮೀಸಲು’, ಸಮುದಾಯದ ಇಲ್ಲವೇ ಖಾಸಗಿ ಜಾಗಕ್ಕೆ ‘ಸಮುದಾಯ ಮೀಸಲು’ ಎಂಬ ಎರಡು ಬಾಗಿಲುಗಳೂ ಇವೆ. ಇಂಥ ಒಂದು ಘೋಷಣೆಯಾದರೆ ಸರ್ಕಾರದ ಹಣಕ್ಕೆ ಕಾಲುವೆ ತೋಡಿದಂತಾಗುತ್ತದೆ. ಆದ್ದರಿಂದ ಊರ ಸಂಘವೊಂದು ತನ್ನಲ್ಲಿರುವ ಸಣ್ಣ ಮೊತ್ತವನ್ನು ಎರಡು ಮೂರು ವರ್ಷಗಳ ಹಕ್ಕಿಗಣತಿ, ನಕಾಶೆ ಮತ್ತು ಪಹಣಿ ದಾಖಲೆಗಳನ್ನು ಕಲೆಹಾಕಲು ಬಳಸಿದರೆ, ದೊಡ್ಡ ಹಣವನ್ನು ಕೇಳಲು ಬೇಕಾದ ಆಧಾರ ಅದೇ ಆಗುತ್ತದೆ. ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ನಡೆಯುವ ನೀರುಹಕ್ಕಿಗಳ ಗಣತಿಯೊಂದಿಗೆ ಕೂಡಿಕೊಂಡರೆ ಆ ಲೆಕ್ಕಕ್ಕೆ ಬೆಲೆಯೂ ಬರುತ್ತದೆ.

ಹೂಳೆತ್ತುವುದಷ್ಟೇ ಕೆಲಸವಾದರೆ ದಾನಿಯ ಹಣವನ್ನು ಮುಟ್ಟಲೇಬೇಡಿ. ಗ್ರಾಮೀಣ ಉದ್ಯೋಗ ಖಾತರಿಯಡಿ ಗ್ರಾಮಸಭೆಯ ತೀರ್ಮಾನದಿಂದ ಅದು ಆಗುವಂಥದ್ದು, ಊರವರಿಗೆ ಕೂಲಿಯೂ ಸಿಗುತ್ತದೆ. ಒಳ್ಳೆಯ ಗೋಡು ಇದ್ದರಂತೂ ರೈತರೇ ಟ್ರ್ಯಾಕ್ಟರ್ ತಂದು ಹೊಲಕ್ಕೆ ಹೊಡೆದುಕೊಂಡು ಹೋಗುತ್ತಾರೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ

2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2 ಭಾಗವನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಸಸ್ಯ ಮತ್ತು ಪ್ರಾಣಿಸಂಕುಲದ ರಕ್ಷಣೆ ಅದರ ಏಳನೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿಯೇ ಇದೆ, ಕಂಪನಿ ಕೆಲಸ ಮಾಡುವ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಇದೆ. ಸರಾಸರಿ ಲಾಭ ಆರು ಕೋಟಿ ಇರುವ ಒಂದು ಸಕ್ಕರೆ ಕಾರ್ಖಾನೆಯೆಂದರೆ ವರ್ಷಕ್ಕೆ 12 ಲಕ್ಷ. ಒಂದು ಕೆರೆಗೆ ಅದು ದೊಡ್ಡ ಮೊತ್ತವೇ.

ನಮ್ಮ ಭಾಗಕ್ಕೆ ಸಂಬಂಧಿಸಿದ ಎರಡು ಮಾತು. ಬೆಳಗಾವಿ ಮತ್ತು ಬಾಗಲಕೋಟೆಯಲ್ಲಿ ಸಕ್ಕರೆ ಕಾರ್ಖಾನೆಗಳು ಬೇಕಾದಷ್ಟಿದ್ದರೂ ಸಹಕಾರಿ ಕಾರ್ಖಾನೆಗಳು ಕಂಪನಿ ಕಾಯ್ದೆಯಡಿ ಬರುವುದಿಲ್ಲ, ಆದ್ದರಿಂದ ಈ ಶೇ. 2ರ ಕಟ್ಟುಪಾಡು ಅವಕ್ಕಿಲ್ಲ. ಅವುಗಳ ಬಾಗಿಲಿಗೆ ಹೋದರೆ ಕೇಳಬೇಕಾದದ್ದು ದೇಣಿಗೆ. ಎರಡನೆಯದಾಗಿ, ಬೇರೆ ಕಾನೂನಿನಂತೆ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವಂತಿಲ್ಲ. ತನ್ನದೇ ತ್ಯಾಜ್ಯ ನೀರನ್ನು ಹಳ್ಳಕ್ಕೆ ಬಿಡುವ ಮೊದಲು ಶುದ್ಧಮಾಡಿ, ಅದನ್ನೇ ‘ಕೆರೆ ಸಂರಕ್ಷಣೆ’ ಎಂದು ವಾರ್ಷಿಕ ವರದಿಯಲ್ಲಿ ಬರೆಯುವ ಕಾರ್ಖಾನೆ ಕಂಡರೆ ಈ ನಿಯಮವನ್ನು ನೆನಪಿಸಬಹುದು.

ಈ ಹಣದ ದೊಡ್ಡ ದೋಷ ಅವಸರ. ಜನವರಿಯವರೆಗೆ ಸುಮ್ಮನಿದ್ದು ಮಾರ್ಚ್‌ನಲ್ಲಿ ಖರ್ಚು ತೋರಿಸಬೇಕಾದಾಗ ಕಾಂಕ್ರೀಟೇ ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಕಾನೂನೇ ಇದಕ್ಕೆ ಪರಿಹಾರವನ್ನೂ ಕೊಟ್ಟಿದೆ: ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಮಂಜೂರು ಮಾಡಿದರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಗೆ ವರ್ಗಾಯಿಸಿ ಮೂರು ಆರ್ಥಿಕ ವರ್ಷಗಳೊಳಗೆ ಬಳಸಬಹುದು. ಕಾವಲುಗಾರರ ಕೂಲಿ, ಮೀನುಗಾರರಿಗೆ ಬಲೆಯ ಕಣ್ಣು ದೊಡ್ಡದು ಮಾಡಿಕೊಳ್ಳಲು ನೆರವು, ಜಾಲಿಕಂಟಿ ಕೀಳುವ ಕೆಲಸ ಇವಕ್ಕೆ ಮೂರು ವರ್ಷದ ಭರವಸೆ ಸಿಕ್ಕರೆ ಅದು ಒಂದು ವರ್ಷದ ಗೋಪುರಕ್ಕಿಂತ ಎಷ್ಟೋ ಮೇಲು. ಕಂಪನಿಯಿಂದ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಊರ ಯುವಕ ಸಂಘಕ್ಕೆ ಅದು ಇಲ್ಲದಿದ್ದರೆ, ನೋಂದಣಿ ಇರುವ ಸಂಸ್ಥೆಯೊಂದನ್ನು ಜೊತೆಗೆ ಕರೆದುಕೊಂಡು ಕೆಲಸದ ಪಾಲನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಸಂಸ್ಥೆಗಳಿಗೆ ಕೊಡುವ ದೇಣಿಗೆ

ಸಾವಿರದಿಂದ ಲಕ್ಷದವರೆಗೆ ಕೊಡಬಯಸುವ ಮನೆಮಂದಿಗೆ ಇದು ಸುಲಭದ ದಾರಿ. ಅಖಿಲ ಭಾರತ ಮಟ್ಟದ ಸಂಸ್ಥೆಗೆ ಕೊಟ್ಟರೆ ಲೆಕ್ಕಪತ್ರ ಚೊಕ್ಕಟವಾಗಿರುತ್ತದೆ, ಆದರೆ ನಿಮ್ಮ ಹಣ ಘಟಪ್ರಭೆಗೆ ಬರುತ್ತದೆಂಬ ಖಾತ್ರಿ ಇರುವುದಿಲ್ಲ. ಸ್ಥಳೀಯ ಬಳಗಕ್ಕೆ ಕೊಟ್ಟರೆ ಹಣ ಇಲ್ಲಿಯೇ ಉಳಿಯುತ್ತದೆ, ಲೆಕ್ಕ ಮಾತ್ರ ಒಬ್ಬರ ಡೈರಿಯಲ್ಲಿರುವ ಸಾಧ್ಯತೆ ಹೆಚ್ಚು. ನನ್ನ ಒಲವು ಎರಡನೆಯದರ ಕಡೆಗೇ. ಆದರೆ ಕಳೆದ ವರ್ಷದ ಲೆಕ್ಕಪರಿಶೋಧನೆಯ ಪ್ರತಿಯನ್ನು ಕೇಳಲು ಸಂಕೋಚಪಡಬಾರದು. ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವವರಿಗೆ ಕೊಡದಿರುವುದೇ ಲೇಸು.

ತೆರಿಗೆಯ ಮಾತಿಗೆ ಬಂದರೆ, 80ಜಿ ಎಂದೇ ರೂಢಿಯಾಗಿರುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಸಾಮಾನ್ಯವಾಗಿ ನೋಂದಾಯಿತ ಸಂಸ್ಥೆಗೆ ಕೊಟ್ಟದ್ದರ ಅರ್ಧಭಾಗ, ಅದೂ ಒಂದು ಮಿತಿಯೊಳಗೆ, ಆದಾಯದಿಂದ ಕಳೆಯುತ್ತದೆ. 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಅದೂ ಇಲ್ಲ. ಹೊರದೇಶದಲ್ಲಿರುವ ಮಕ್ಕಳಿಂದ ಹಣ ತರಿಸುವವರು ಇನ್ನೊಂದನ್ನು ಗಮನಿಸಬೇಕು: ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ತಮ್ಮ ಗಳಿಕೆಯಿಂದ ಕೊಡುವುದು ವಿದೇಶಿ ದೇಣಿಗೆಯಾಗುವುದಿಲ್ಲ, ಆದರೆ ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಆಗ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆಯ ಪರವಾನಗಿ ಬೇಕೇ ಬೇಕು.

ಮೃಗಾಲಯದ ದತ್ತು

ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯವೂ ಸೇರಿದಂತೆ ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿಯನ್ನು ದತ್ತು ಪಡೆಯಬಹುದು. ಮಕ್ಕಳ ಹುಟ್ಟುಹಬ್ಬಕ್ಕೆ ಚೆಂದದ ಕಾಣಿಕೆ, ರಸೀದಿಯೂ ಕೂಡಲೇ ಸಿಗುತ್ತದೆ. ಆದರೆ ಆ ಹಣ ಪಂಜರದೊಳಗಿನ ಪ್ರಾಣಿಯ ಆಹಾರ ಮತ್ತು ಆರೈಕೆಗೆ ಹೋಗುತ್ತದೆಯೇ ಹೊರತು ಕಾಡಿಗಾಗಲಿ ಕೆರೆಗಾಗಲಿ ಅಲ್ಲ. ಆವಾಸಸ್ಥಾನದ ಕಾಳಜಿ ಇರುವವರು ಇದನ್ನು ಬೇರೆ ಲೆಕ್ಕದಲ್ಲಿ ಇಡಬೇಕು.

ಪಂಚಾಯಿತಿಯ ಜೀವವೈವಿಧ್ಯ ನಿಧಿ

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದಕ್ಕೊಂದು ಸ್ಥಳೀಯ ನಿಧಿಯೂ ಇರಬಹುದು. ವ್ಯಾಪಾರಕ್ಕಾಗಿ ಜೈವಿಕ ಸಂಪನ್ಮೂಲ ಒಯ್ಯುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರವನ್ನೂ ಆ ಕಾಯ್ದೆ ಸಮಿತಿಗೆ ಕೊಟ್ಟಿದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ: ಒಡೆತನ, ಅನುಮತಿ, ಊರವರ ಮಾತು ಮೂರೂ ಒಂದೇ ಮನೆಯಲ್ಲಿ. ಆದರೆ ಸಮಿತಿ ಹೆಸರಿಗಷ್ಟೇ ಇದ್ದರೆ ಏನೂ ಉಪಯೋಗವಿಲ್ಲ. ಕೊನೆಯ ಸಭೆಯ ನಡಾವಳಿ ಪುಸ್ತಕವನ್ನು ತೋರಿಸಿರೆಂದು ಕೇಳಿದರೆ ಹತ್ತು ನಿಮಿಷದಲ್ಲಿ ಸ್ಥಿತಿ ತಿಳಿಯುತ್ತದೆ.

ಅಮೆರಿಕದಲ್ಲಿ 1934ರಿಂದ ಬಾತುಕೋಳಿ ಬೇಟೆಗಾರರು ಪ್ರತಿವರ್ಷ ಒಂದು ಚೀಟಿ ಕೊಳ್ಳಬೇಕೆಂಬ ನಿಯಮವಿದ್ದು, ಅದರ ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗುಭೂಮಿಗಳ ರಕ್ಷಣೆಗೇ ಹೋಗುತ್ತದೆ. ನಮ್ಮಲ್ಲಿ ಬೇಟೆ ನಿಷಿದ್ಧ, ಆ ದಾರಿ ಇಲ್ಲ. ಆದರೆ ಬಳಸುವವನು ಕೊಟ್ಟ ಹಣ ಬಳಸಿದ ಜಾಗಕ್ಕೇ ಮರಳಬೇಕೆಂಬ ತತ್ತ್ವ ಮೀನಿನ ಟೆಂಡರಿಗೂ ದೋಣಿವಿಹಾರಕ್ಕೂ ಅನ್ವಯಿಸುವಂಥದ್ದು. ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಲು ಯಾರ ದೇಣಿಗೆಯೂ ಬೇಕಿಲ್ಲ.

ದತ್ತಿನಿಧಿ

ಶಾಲೆಯ ಬಹುಮಾನಕ್ಕೆ, ಮಠದ ದಾಸೋಹಕ್ಕೆ, ಉಪನ್ಯಾಸಕ್ಕೆ ತಂದೆ ತಾಯಿಯ ಹೆಸರಿನಲ್ಲಿ ದತ್ತಿ ಇಡುವ ವಾಡಿಕೆ ನಮ್ಮ ಭಾಗದಲ್ಲಿ ಹಳೆಯದು. ಕೆರೆಗೆ ಇಟ್ಟವರು ಅಪರೂಪ, ಆದರೆ ವರ್ಷ ವರ್ಷ ಬೇಕಾಗುವ ಖರ್ಚಿಗೆ ಇದರಷ್ಟು ಹೊಂದುವ ದಾರಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡೋಣ. ನಡುಗಡ್ಡೆಯಲ್ಲಿ ಹೊಳೆ ರೀವಗಳು ಮೊಟ್ಟೆಯಿಡುವ ಕಾಲಕ್ಕೆ, ಫೆಬ್ರುವರಿಯ ನಡುವಿನಿಂದ ಮೇ ಕೊನೆಯವರೆಗೆ, ಸುಮಾರು ನೂರು ದಿನ ಊರಿನ ಒಬ್ಬ ಮೀನುಗಾರನನ್ನೇ ಕಾವಲಿಗೆ ನೇಮಿಸಿ ದಿನಕ್ಕೆ 500 ರೂಪಾಯಿ ಕೊಟ್ಟರೆ 50,000 ಆಗುತ್ತದೆ. ಬ್ಯಾಂಕು ಶೇ. 6.5 ಬಡ್ಡಿ ಕೊಡುವುದಾದರೆ ಅಷ್ಟನ್ನು ಹುಟ್ಟಿಸಲು ಎಂಟು ಲಕ್ಷದ ಠೇವಣಿ ಸಾಕು. ನಾಲ್ಕು ಮನೆಯವರು ತಲಾ ಎರಡು ಲಕ್ಷ ಹಾಕಿದರೆ ಆಯಿತು. ಅದೇ 50,000ವನ್ನು ಜೆಸಿಬಿಗೆ ಕೊಟ್ಟರೆ ಐದಾರು ದಿನದ ಕೆಲಸ. ಹೌದು, ಕೂಲಿ ಏರುತ್ತದೆ, ಬಡ್ಡಿ ಇಳಿಯುತ್ತದೆ. ಆದ್ದರಿಂದ ಬಡ್ಡಿಯಲ್ಲಿ ಒಂದು ಪಾಲನ್ನು ಅಸಲಿಗೆ ಸೇರಿಸುತ್ತ ಹೋಗಬೇಕೆಂದು ಪತ್ರದಲ್ಲೇ ಬರೆಯಿರಿ. ಠೇವಣಿ ನೋಂದಾಯಿತ ಟ್ರಸ್ಟಿನ ಹೆಸರಿನಲ್ಲಿರಲಿ, ಮೂಲಧನವೆಂದು ಸ್ಪಷ್ಟವಾಗಿ ನಮೂದಾಗಲಿ, ಟ್ರಸ್ಟಿಗಳಲ್ಲಿ ಕೆರೆದಂಡೆಯ ಒಬ್ಬರಾದರೂ ಇರಲಿ.

ಹಾಗಾದರೆ ಯಾರು ಏನು ಮಾಡಬೇಕು?

ಐದು ಸಾವಿರದೊಳಗೆ ಕೊಡುವವರು ಕಣ್ಣಿಗೆ ಕಾಣುವ ಒಂದು ಬಾಬತ್ತನ್ನೇ ಹಿಡಿಯಲಿ: ಗಣತಿಗೆ ಬರುವ ಕಾಲೇಜು ವಿದ್ಯಾರ್ಥಿಗಳ ಬಸ್ ಚಾರ್ಜು ಮತ್ತು ಊಟ, ಅಥವಾ ಒಂದು ದುರ್ಬೀನಿಗೆ ಪಾಲು. ಒಂದೆರಡು ಲಕ್ಷ ಇರುವವರು ಒಬ್ಬಂಟಿಯಾಗಿ ಕಾಮಗಾರಿ ಮಾಡಿಸುವುದಕ್ಕಿಂತ ದತ್ತಿಗೆ ಜೊತೆಗಾರರನ್ನು ಹುಡುಕುವುದು ಮೇಲು. ಜೊತೆಗಾರರು ಸಿಗದಿದ್ದರೆ ಅದೇ ಹಣದಿಂದ ಎರಡರಿಂದ ನಾಲ್ಕು ಬೇಸಿಗೆಗಳ ಕಾವಲನ್ನಾದರೂ ನಡೆಸಬಹುದು. ಯುವಕ ಸಂಘ ತನ್ನ ಕೈಯ ಹಣವನ್ನು ದಾಖಲೆಗೂ ಗಣತಿಗೂ ಉಳಿಸಿಕೊಂಡು, ಹೂಳು ಮತ್ತು ಒಡ್ಡಿನ ಕೆಲಸವನ್ನು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಲು ಪಟ್ಟು ಹಿಡಿಯಲಿ. ಕಾರ್ಖಾನೆಯವರು ಒಂದೇ ಕೆರೆಯನ್ನೋ ಹಿನ್ನೀರಿನ ಒಂದೇ ಭಾಗವನ್ನೋ ಆರಿಸಿಕೊಂಡು ಮೂರು ವರ್ಷದ ಯೋಜನೆಯಾಗಿ ಮಂಜೂರು ಮಾಡಲಿ; ಅದಕ್ಕೆ ಜಾಗದ ಒಡೆಯ ಇಲಾಖೆಯ ಒಪ್ಪಿಗೆ ಪತ್ರ ಬೇಕಾಗುವುದರಿಂದ ಪತ್ರವ್ಯವಹಾರವನ್ನು ದಸರೆಯ ಹೊತ್ತಿಗೇ ಶುರುಮಾಡಬೇಕು, ಜನವರಿಯಲ್ಲಿ ಕೇಳಿದರೆ ಹಕ್ಕಿಗಳು ಬಂದು ಹೋಗುವವರೆಗೂ ಕಡತ ಮೇಜಿನ ಮೇಲೆಯೇ ಇರುತ್ತದೆ.